ಗುಂಟೆ ಲೆಕ್ಕಕ್ಕೆ ಹತ್ತು ಸಾಲಿನ ಪ್ರೋಗ್ರಾಮು

2 ಎಕರೆ 35 ಗುಂಟೆಗೆ 1 ಎಕರೆ 20 ಗುಂಟೆ ಕೂಡಿಸಿದರೆ ಎಷ್ಟು? ಧಾರವಾಡ ಸುತ್ತಿನ ಯಾವ ಹಳ್ಳಿಯಲ್ಲಾದರೂ, ಹೊಲದ ವಾಟ್ನಿ (ಪಾಲು) ಮಾಡಿಸಿ ಗೊತ್ತಿರುವ ಹಿರಿಯರನ್ನು ಕೇಳಿದರೆ ಕೂತಲ್ಲೇ ‘ನಾಕ ಎಕರೆ ಹದಿನೈದ ಗುಂಟೆ’ ಅನ್ನುತ್ತಾರೆ. ಅದನ್ನೇ ಎಕ್ಸೆಲ್ ಹಾಳೆಯಲ್ಲಿ 2.35 ಮತ್ತು 1.20 ಎಂದು ತುಂಬಿ ಕೂಡಿಸಿ ನೋಡಿ. 3.55 ಬರುತ್ತದೆ. ಎಕ್ಸೆಲ್‌ನದು ತಪ್ಪಲ್ಲ. ಅದಕ್ಕೆ ನೂರರ ಲೆಕ್ಕ ಗೊತ್ತು, ನಲವತ್ತರ ಲೆಕ್ಕ ಯಾರೂ ಹೇಳಿಕೊಟ್ಟಿಲ್ಲ. ಪಹಣಿಯಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಉತಾರದಲ್ಲಿ, ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ 33 ಅಡಿ ಅಗಲ, 1089 ಚದರಡಿ.

ಹತ್ತಾರು ಸರ್ವೆ ನಂಬರುಗಳ ಕ್ಷೇತ್ರ ಕೂಡಿಸಬೇಕಾದ ವಕೀಲರ ಗುಮಾಸ್ತರು, ಪತ್ರ ಬರೆಯುವವರು, ಸಾಲದ ಅರ್ಜಿ ತುಂಬುವ ಸೊಸೈಟಿ ಕಾರ್ಯದರ್ಶಿಗಳು ಇವತ್ತಿಗೂ ಈ ಲೆಕ್ಕವನ್ನು ಕ್ಯಾಲ್ಕುಲೇಟರಿನಲ್ಲಿ ಒಂದು ಸಲ, ಕೈಯಲ್ಲಿ ಒಂದು ಸಲ ಮಾಡುತ್ತಾರೆ. ಇದಕ್ಕೆ ಸಾಫ್ಟ್‌ವೇರ್ ಮಾಡಿ ಮಾರುವ ಕಂಪನಿ ಹುಟ್ಟುವುದಿಲ್ಲ, ಏಕೆಂದರೆ ಅದರಲ್ಲಿ ಮಾರುವಷ್ಟು ಸರಕಿಲ್ಲ. ಆದರೆ ಬೇಸಿಕ್ ಎಂಬ ಹಳೆಯ ಭಾಷೆಯಲ್ಲಿ ಇದು ಹತ್ತೇ ಸಾಲಿನ ಕೆಲಸ. ಎಲ್ಲವನ್ನೂ ಮೊದಲು ಆಣೆಗೆ ಇಳಿಸಿ. ಎಕರೆಗೆ 640 ಆಣೆ. ಕೂಡಿಸಿ. ಬಂದ ಮೊತ್ತವನ್ನು 640ರಿಂದ ಭಾಗಿಸಿದರೆ ಎಕರೆ. ಶೇಷವನ್ನು 16ರಿಂದ ಭಾಗಿಸಿದರೆ ಗುಂಟೆ. ಇನ್ನೂ ಉಳಿದದ್ದು ಆಣೆ. ಪೂರ್ಣಾಂಕ ಭಾಗಾಕಾರಕ್ಕೆ ಒಂದು ಚಿಹ್ನೆ, ಶೇಷಕ್ಕೆ ‘ಮಾಡ್’ ಎಂಬ ಒಂದು ಶಬ್ದ ಬೇಸಿಕ್‌ನಲ್ಲೇ ಇವೆ. ಉಳಿದದ್ದು ಕೇಳುವ ‘ಇನ್‌ಪುಟ್’, ತೋರಿಸುವ ‘ಪ್ರಿಂಟ್’.

ಇಂಥ ಸಣ್ಣ ಪ್ರೋಗ್ರಾಮುಗಳನ್ನು ತಾವೇ ಬರೆದುಕೊಳ್ಳುವವರು ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಕಾಲಕ್ಕೆ ಓಣಿಗೊಬ್ಬರಿದ್ದರು ಎಂದರೆ ಉತ್ಪ್ರೇಕ್ಷೆಯಾದೀತು, ಆದರೂ ಬಹಳ ದೊಡ್ಡ ಉತ್ಪ್ರೇಕ್ಷೆಯಲ್ಲ. ಟೈಪಿಂಗ್ ಕ್ಲಾಸುಗಳು ಕಂಪ್ಯೂಟರ್ ಕ್ಲಾಸುಗಳಾದ ದಿನಗಳಲ್ಲಿ ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂಬ ನಾಲ್ಕು ಹೆಸರು ಪೋರರಿಗೂ ಬಾಯಿಪಾಠವಾಗಿದ್ದವು. ಡಿಬೇಸ್ ಕಲಿತವನು ಮುಂದೆ ಫಾಕ್ಸ್‌ಪ್ರೊಗೆ ಹೋಗುತ್ತಿದ್ದ. ಫಾಕ್ಸ್‌ಪ್ರೊ ಕಲಿತವನಿಗೆ ಯಾವುದಾದರೂ ದಲಾಲಿ ಅಂಗಡಿ, ಔಷಧಿ ಅಂಗಡಿ, ಪತ್ತಿನ ಸಂಘದಲ್ಲಿ ಲೆಕ್ಕದ ಪ್ರೋಗ್ರಾಮು ಬರೆಯುವ ಕೆಲಸ ಸಿಗುತ್ತಿತ್ತು. ರೈತನಿಗೆ ಕೊಡುವ ಪಟ್ಟಿಯಲ್ಲಿ ಚೀಲ, ತೂಕ, ದರ, ಹಮಾಲಿ ಯಾವ ಸಾಲಿನಲ್ಲಿ ಬರಬೇಕು ಎಂಬುದು ಒಂದೊಂದು ಅಂಗಡಿಯಲ್ಲಿ ಒಂದೊಂದು ಥರ. ಮಾಲೀಕರು ಹಿಂದೆ ನಿಂತು ‘ಇದನ್ನ ಇಲ್ಲಿ ತಗೀರಿ, ಅಲ್ಲಿ ಹಾಕ್ರಿ’ ಎಂದರೆ ಸಂಜೆಯೊಳಗೆ ಬದಲಾಗುತ್ತಿತ್ತು. ಇವತ್ತು ತಿಂಗಳ ಬಾಡಿಗೆ ಕೊಟ್ಟು ತಂದ ಸಾಫ್ಟ್‌ವೇರಿನಲ್ಲಿ ಒಂದು ಕಾಲಮ್ಮು ಸರಿಸಲು ಯಾರಿಗೆ ಫೋನು ಹಚ್ಚಬೇಕೆಂದೇ ಗೊತ್ತಾಗುವುದಿಲ್ಲ.

ಮಜಾ ಎಂದರೆ, ಡಿಬೇಸ್ ಹುಟ್ಟಿದ್ದೂ ಇಂಥದೇ ಖಾಸಗಿ ಗರಜಿಗೆ. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿದ್ದ ವೇಯ್ನ್ ರ‍್ಯಾಟ್ಲಿಫ್ ಎಂಬ ಎಂಜಿನಿಯರಿಗೆ ಆಫೀಸಿನ ಫುಟ್‌ಬಾಲ್ ಬಾಜಿಯಲ್ಲಿ ಗೆಲ್ಲಬೇಕಿತ್ತು. ಆಟಗಳ ಅಂಕಿಅಂಶ ಜೋಡಿಸಿಡಲು 1970ರ ದಶಕದ ಕೊನೆಗೆ ಮನೆಯಲ್ಲಿ ಒಂದು ಪ್ರೋಗ್ರಾಮು ಬರೆದು ‘ವಲ್ಕನ್’ ಎಂದು ಹೆಸರಿಟ್ಟರು. 1980ರಲ್ಲಿ ಅದೇ ಡಿಬೇಸ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ರಾಜ್ಯದ ಕಥೆಯೂ ಬಹಳ ಬೇರೆಯಲ್ಲ. ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಅವರು ಗಿರಣಿಗಳಿಗೆ ಕಚ್ಚಾಮಾಲು, ಯಂತ್ರದ ಬಿಡಿಭಾಗ ಪೂರೈಸುವ ವ್ಯಾಪಾರ ನಡೆಸುತ್ತಿದ್ದರು. ಪೇಟೆಯಲ್ಲಿ ಸಿಗುತ್ತಿದ್ದ ಲೆಕ್ಕಪತ್ರದ ಸಾಫ್ಟ್‌ವೇರ್ ಯಾವುದೂ ಅವರಿಗೆ ಹೊಂದಲಿಲ್ಲ. ಮಗ ಭರತ ಗೋಯೆಂಕಾ ಅಪ್ಪನ ಅಂಗಡಿಗೆಂದು ಡಾಸ್‌ನಲ್ಲಿ ಓಡುವ ಒಂದನ್ನು ಬರೆದರು. 1986ರಲ್ಲಿ ಕಂಪನಿಯಾಯಿತು; ಅದೇ ಇಂದಿನ ಟ್ಯಾಲಿ. 2020ರಲ್ಲಿ ಭರತ ಗೋಯೆಂಕಾ ಅವರಿಗೆ ಪದ್ಮಶ್ರೀ ಬಂತು. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಸಾಲಿನಲ್ಲಿ ಫಾಕ್ಸ್‌ಪ್ರೊ ಲೆಕ್ಕಗಳನ್ನು ಕೊನೆಗೆ ನುಂಗಿದ್ದು ಇದೇ ಟ್ಯಾಲಿ ಎಂಬುದು ಬೇರೆ ಮಾತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಮನೆಯಲ್ಲಿ ಬರೆದ ಲೆಕ್ಕದ ಪ್ರೋಗ್ರಾಮುಗಳಿಗೆ ಉಸಿರಾಡಲು ಜಾಗವೇ ಉಳಿಯಲಿಲ್ಲ. ತೆರಿಗೆಯ ಲೆಕ್ಕವನ್ನು ಮನೆಯ ಪ್ರೋಗ್ರಾಮಿಗೆ ಒಪ್ಪಿಸಿ ಎಂದು ನಾನೂ ಹೇಳುವುದಿಲ್ಲ. ನಾನು ಹೇಳುತ್ತಿರುವುದು ಟ್ಯಾಲಿಯ ಕಣ್ಣಿಗೆ ಬೀಳದಷ್ಟು ಸಣ್ಣ ಕೆಲಸಗಳ ಬಗ್ಗೆ.

ಸಣ್ಣ ಕೆಲಸಕ್ಕೆ ಹಳೆಯ ಸಾಧನವೇ ಏಕೆ? ಒಂದು, ಅವು ಪುಟ್ಟವು. ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್ ಬರೆದ ಟರ್ಬೊ ಪ್ಯಾಸ್ಕಲ್ 1983ರಲ್ಲಿ 49.95 ಡಾಲರಿಗೆ ಬಂದಾಗ ಬೇರೆ ಕಂಪೈಲರುಗಳ ಬೆಲೆ ನೂರಾರು ಡಾಲರ್ ಇತ್ತು. ಅದರ ಮೂರನೆಯ ಆವೃತ್ತಿಯ ಒಂದು ಫೈಲಿನ ತೂಕ 39,731 ಬೈಟ್. ಬರೆಯುವ ಎಡಿಟರು, ಕಂಪೈಲರು ಎರಡೂ ಅದರೊಳಗೇ. ಎರಡು, ಅವುಗಳ ಬೆಳವಣಿಗೆ ಮುಗಿದಿದೆ. 1998ರ ವಿಷುಯಲ್ ಬೇಸಿಕ್ 6ನ್ನು ಮೈಕ್ರೋಸಾಫ್ಟ್ 2008ರಲ್ಲೇ ಕೈಬಿಟ್ಟಿತು. 2004ರಲ್ಲಿ ಬಂದ ವಿಷುಯಲ್ ಫಾಕ್ಸ್‌ಪ್ರೊ 9ನ್ನು 2015ರಲ್ಲಿ. ಇನ್ನು ಬದಲಾಗುವುದಿಲ್ಲ ಎಂಬುದೇ ನಮ್ಮಂಥವರಿಗೆ ಅನುಕೂಲ. ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಂದು ಹಳೆಯ ಪ್ರೋಗ್ರಾಮು ನಿಲ್ಲುವ ತಾಪತ್ರಯ ಇಲ್ಲ. ವಿಷುಯಲ್ ಬೇಸಿಕ್ 6ರಲ್ಲಿ ಅಂದು ಕಟ್ಟಿದ ಕಿಟಕಿ ಇಂದಿನ ವಿಂಡೋಸ್ 11ರಲ್ಲೂ ತೆರೆಯುತ್ತದೆ, ಏಕೆಂದರೆ ಅದನ್ನು ಓಡಿಸುವ ಫೈಲನ್ನು ವಿಂಡೋಸ್ ಇನ್ನೂ ತನ್ನ ಜೊತೆಗೇ ಹೊತ್ತು ತರುತ್ತಿದೆ.

ಡಾಸ್ ಕಾಲದವುಗಳಿಗೆ ಈ ಭಾಗ್ಯವಿಲ್ಲ. 16 ಬಿಟ್‌ನ ಪ್ರೋಗ್ರಾಮು 64 ಬಿಟ್‌ನ ವಿಂಡೋಸ್‌ನಲ್ಲಿ ನೇರವಾಗಿ ಏಳುವುದೇ ಇಲ್ಲ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಅದರೊಳಗೆ ಎಬ್ಬಿಸಬೇಕು. ವಿಟಿಯು ಕಾಲೇಜುಗಳ ಲ್ಯಾಬಿನಲ್ಲಿ ಸಿ ಭಾಷೆ ಕಲಿತ ತಲೆಮಾರಿಗೆ ಟರ್ಬೊ ಸಿಯ ಆ ನೀಲಿ ತೆರೆ ಪರಿಚಿತ. ಬಿವಿಬಿ ಕಾಲೇಜಿನ ಹುಡುಗರಾಗಲಿ ಎಸ್‌ಡಿಎಂ ಹುಡುಗರಾಗಲಿ, ಅದರ ಮುಂದೆ ಕೂತು ಫಿಬೊನಾಚಿ ಸರಣಿ ಬರೆಯದೆ ಪಾಸಾದವರು ಕಡಿಮೆ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಹೇಳಿಕೊಡದ ಒಂದು ಸಂಗತಿ ನಮ್ಮ ಗುಂಟೆ ಲೆಕ್ಕದಲ್ಲಿ ತಾನಾಗಿ ಹೊರಬೀಳುತ್ತದೆ. ಟರ್ಬೊ ಸಿಯ ಸಾದಾ ಪೂರ್ಣಾಂಕ 32,767ರ ಮೇಲೆ ಏರುವುದಿಲ್ಲ. ಒಂದು ಹೆಚ್ಚಾದರೆ ಮಗುಚಿ ಋಣ 32,768 ಆಗುತ್ತದೆ. ಆಣೆಯಲ್ಲಿ ಲೆಕ್ಕ ಇಟ್ಟರೆ ಆ ಮಿತಿ 51 ಎಕರೆ 7 ಗುಂಟೆ 15 ಆಣೆ. ಅದರಾಚೆ ಇನ್ನೊಂದು ಆಣೆ ಜಮೀನು ಕೊಂಡರೆ ಇದ್ದದ್ದೂ ಹೋಗಿ ನೀವೇ ಭೂಮಿ ಬಾಕಿ! ಭೂಸುಧಾರಣಾ ಕಾಯ್ದೆ ಖುಷ್ಕಿ ಜಮೀನಿಗೆ ಬಹುಕಾಲ ಇಟ್ಟಿದ್ದ ಮಿತಿ 54 ಎಕರೆ. ಟರ್ಬೊ ಸಿ ಅದಕ್ಕಿಂತ ತುಸು ಬಿಗಿ. ಪರಿಹಾರ ಸುಲಭ, ‘ಲಾಂಗ್’ ಎಂಬ ದೊಡ್ಡ ಪೂರ್ಣಾಂಕ ಬಳಸಿದರೆ ಮುಗಿಯಿತು. ಆದರೆ ಬಳಸಬೇಕೆಂದು ನೆನಪಾಗುವುದು ಐವತ್ತೆರಡನೆಯ ಎಕರೆಗೆ ಬಂದಾಗಲೇ.

ಹಳೆಯ ಭಾಷೆ ಬೇಕು, ಹಳೆಯ ಪೆಟ್ಟಿಗೆಯ ಕಷ್ಟ ಬೇಡ ಎನ್ನುವವರಿಗೆ ದಾರಿಗಳಿವೆ. ಕ್ಯೂಬೇಸಿಕ್ ಬಲ್ಲವರಿಗೆ ಕ್ಯೂಬಿ64 ಅಥವಾ ಫ್ರೀಬೇಸಿಕ್, ಡೆಲ್ಫಿ-ಪ್ಯಾಸ್ಕಲ್ ಬಲ್ಲವರಿಗೆ ಲಾಜರಸ್, ಕ್ಲಿಪ್ಪರ್ ಬಲ್ಲವರಿಗೆ ಹಾರ್ಬರ್. ಎಲ್ಲವೂ ಉಚಿತ, ಎಲ್ಲವೂ ಇಂದಿನ ಕಂಪ್ಯೂಟರಿನಲ್ಲಿ ಓಡುತ್ತವೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಲು ಡಾಸ್ ಕಾಲದ ಬ್ಯಾಚ್ ಫೈಲು ಇದ್ದೇ ಇದೆ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಅರ್ಜಿ ತುಂಬುವ ಝೆರಾಕ್ಸ್ ಅಂಗಡಿಗಳನ್ನೇ ನೋಡಿ. ಫೋಟೊ ಇಷ್ಟು ಕೆಬಿ ದಾಟಬಾರದು, ಸಹಿ ಇಷ್ಟು ದಾಟಬಾರದು ಎಂಬ ಷರತ್ತಿಗೆ ಒಂದೊಂದೇ ಫೋಟೊ ತೆರೆದು, ಚಿಕ್ಕದು ಮಾಡಿ, ಉಳಿಸಿ, ನೋಡಿ, ಮತ್ತೆ ಚಿಕ್ಕದು ಮಾಡುತ್ತಾರೆ. ಇಮೇಜ್‌ಮ್ಯಾಜಿಕ್ ಎಂಬ ಹಳೆಯ ಉಚಿತ ಸಾಧನಕ್ಕೆ ‘ಇಷ್ಟು ಕೆಬಿಯೊಳಗೆ ಕೂರಿಸು’ ಎಂದು ಹೇಳುವ ಒಂದು ಆಜ್ಞೆಯಿದೆ. ಅದನ್ನು ಬ್ಯಾಚ್ ಫೈಲಿನ ಒಂದು ಸಾಲಿನಲ್ಲಿ ಬರೆದಿಟ್ಟರೆ ಇಡೀ ಫೋಲ್ಡರಿನ ಫೋಟೊಗಳು ಒಂದು ಚಹಾ ಕುಡಿಯುವುದರೊಳಗೆ ಸಿದ್ಧ.

ಭಿಶಿಯ ಲೆಕ್ಕ ಇನ್ನೂ ಸೊಗಸು. ಗೊತ್ತಿಲ್ಲದ ದಕ್ಷಿಣದವರಿಗೆ: ಗೆಳೆಯರು, ಓಣಿಯವರು ಕೂಡಿ ತಿಂಗಳಿಗಿಷ್ಟು ಎಂದು ಹಣ ಹಾಕಿ, ಪ್ರತಿ ತಿಂಗಳೂ ಒಬ್ಬರು ಆ ಗಂಟನ್ನು ಎತ್ತುವ ಪದ್ಧತಿ. ಇಪ್ಪತ್ತು ಜನ, ತಲೆಗೆ 5,000 ಎಂದರೆ ಗಂಟು ಒಂದು ಲಕ್ಷ. ಅವಸರವಿದ್ದವರು ಅದನ್ನು 88,000ಕ್ಕೆ ಸವಾಲು ಕೂಗಿ ಎತ್ತಿದರೆ ಬಿಟ್ಟುಕೊಟ್ಟ 12,000 ಇಪ್ಪತ್ತು ಜನರಿಗೆ ಹಂಚಿಕೆಯಾಗಿ ಆ ತಿಂಗಳು ಪ್ರತಿಯೊಬ್ಬರೂ 600 ಕಡಿಮೆ ಕಟ್ಟುತ್ತಾರೆ. ಈಗ ಸವಾಲು 88,870ಕ್ಕೆ ನಿಂತಿತು ಎನ್ನಿ. ಉಳಿದದ್ದು 11,130. ತಲೆಗೆ 556 ರೂಪಾಯಿ 50 ಪೈಸೆ. ಪೈಸೆಯನ್ನು ಹತ್ತಿರದ ರೂಪಾಯಿಗೆ ಸರಿಸು ಎಂದು ಎಕ್ಸೆಲ್ ಹಾಳೆಯ ರೌಂಡ್ ಸೂತ್ರಕ್ಕೆ ಹೇಳಿದರೆ 557 ಎನ್ನುತ್ತದೆ. ಅದೇ ಎಕ್ಸೆಲ್‌ನ ಒಳಗಿರುವ ಮ್ಯಾಕ್ರೊ ಭಾಷೆಗೆ ಹೇಳಿದರೆ 556! ಅದು ವಿಷುಯಲ್ ಬೇಸಿಕ್ ವಂಶದ್ದು; ಆ ವಂಶದ ರೌಂಡ್ ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಬ್ಯಾಂಕಿನವರ ರೌಂಡಿಂಗ್ ಎಂದು ಅದಕ್ಕೆ ಹೆಸರು. ಸಾವಿರಾರು ಲೆಕ್ಕಗಳಲ್ಲಿ ಮೊತ್ತ ಒಂದೇ ಕಡೆ ವಾಲದಿರಲಿ ಎಂದು ಆ ಪದ್ಧತಿ. ಇಪ್ಪತ್ತು ಜನಕ್ಕೆ ಇಪ್ಪತ್ತು ರೂಪಾಯಿ ಫರಕು ಬಂತು. ಓಣಿಯ ಭಿಶಿಯಲ್ಲಿ ಜಗಳಕ್ಕೆ ಅಷ್ಟು ಧಾರಾಳ ಸಾಕು. ಬರೆದವರು ನೀವೇ ಆಗಿದ್ದರೆ ಒಂದು ಸಾಲು ತಿದ್ದಿ ಜಗಳ ಬಗೆಹರಿಸಬಹುದು. ‘ಆ್ಯಪ್ ಹಂಗ ತೋರಿಸ್ತೈತ್ರಿ, ನಾ ಏನ್ ಮಾಡ್ಲಿ’ ಎನ್ನುವ ಗತಿ ಬರುವುದಿಲ್ಲ.

ಇಷ್ಟೆಲ್ಲ ಇಂಗ್ಲಿಷ್ ಅಂಕಿಗಳ ಮಾತಾಯಿತು. ಕನ್ನಡ ಬಂದ ಕೂಡಲೇ ಹಳೆಯ ಸಾಧನಗಳು ಮಂಕಾಗುತ್ತವೆ, ಮತ್ತು ನಮ್ಮ ಊರುಗಳಲ್ಲಿ ಅಸಲಿ ಕೆಲಸ ಇರುವುದೂ ಅಲ್ಲೇ. ಧಾರವಾಡದಲ್ಲಿ 2008ರಲ್ಲಿ ಹೈಕೋರ್ಟ್ ಪೀಠ ಬಂದ ಮೇಲೆ ಬೆಳೆದ ವಕೀಲರ ಕಚೇರಿಗಳಿರಲಿ, ಹುಬ್ಬಳ್ಳಿಯ ಡಿಟಿಪಿ ಅಂಗಡಿಗಳಿರಲಿ, ಎಲ್ಲರ ಡಿಸ್ಕಿನಲ್ಲೂ ವರ್ಷಗಟ್ಟಲೆ ‘ನುಡಿ’ಯಲ್ಲಿ ಟೈಪಾದ ಫೈಲುಗಳ ರಾಶಿಯಿದೆ. ಕನ್ನಡ ಗಣಕ ಪರಿಷತ್ತು ರೂಪಿಸಿ ಸರ್ಕಾರ ಉಚಿತವಾಗಿ ಹಂಚಿದ ನುಡಿ, ಅದಕ್ಕೂ ಮೊದಲು 1998ರಲ್ಲಿ ಶೇಷಾದ್ರಿವಾಸು ಬರೆದ ‘ಬರಹ’, ಎರಡೂ ಕನ್ನಡವನ್ನು ಕಂಪ್ಯೂಟರಿನೊಳಗೆ ತಂದ ಪರಿ ಚತುರವಾದದ್ದು. ಕಂಪ್ಯೂಟರಿಗೆ ಅವು ಕನ್ನಡ ಕಲಿಸಲಿಲ್ಲ. ಇಂಗ್ಲಿಷ್, ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದವು. ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿದಾಗ ಫೈಲಿನಲ್ಲಿ ನಿಜವಾಗಿ ಉಳಿಯುವುದು ಏಳು ಗುರುತು: ಪಿ, ತಲೆಯ ಮೇಲೆ ಗೀರಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೀರಿನ ಎ, ಜರ್ಮನರ ಜೋಡಿ ಎಸ್, ಕ್ಯೂ, ಮತ್ತೊಮ್ಮೆ ಗೀರಿನ ಎ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಾಣುವ ಆ ವಿಚಿತ್ರ ಲಿಪಿ ಇದೇ.

ಆಗಿನ ಕಾಲಕ್ಕೆ ಇದು ದಡ್ಡತನವಲ್ಲ, ಜಾಣತನ. ವಿಷುಯಲ್ ಬೇಸಿಕ್ 6, ಫಾಕ್ಸ್‌ಪ್ರೊಗಳ ಕಿಟಕಿಗಳಿಗೆ 256 ಗುರುತುಗಳಾಚೆ ಲೋಕವಿಲ್ಲ. ಗ್ರೀಕ್, ರಷ್ಯನ್, ಥಾಯ್ ಭಾಷೆಗಳಿಗೆ ವಿಂಡೋಸ್‌ನಲ್ಲಿ 256ರ ಪ್ರತ್ಯೇಕ ಕೋಷ್ಟಕಗಳಿದ್ದವು. ಕನ್ನಡಕ್ಕೆ ಅಂಥ ಕೋಷ್ಟಕವೇ ಇರಲಿಲ್ಲ, ನೇರವಾಗಿ ಯುನಿಕೋಡ್ ಬಂತು. ಹಾಗಾಗಿ ವಿಷುಯಲ್ ಬೇಸಿಕ್ 6ರ ಪೆಟ್ಟಿಗೆಯಲ್ಲಿ ಯುನಿಕೋಡ್ ಕನ್ನಡ ಅಂಟಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ನಿಲ್ಲುತ್ತದೆ. ನುಡಿ ಮಾತ್ರ ಇಂಗ್ಲಿಷಿನ ವೇಷದಲ್ಲಿ ಸಲೀಸಾಗಿ ಒಳಗೆ ಹೋಗುತ್ತಿತ್ತು. ಕಚೇರಿಗಳಲ್ಲಿ ನುಡಿ ಇಷ್ಟು ಕಾಲ ಬಾಳಿದ್ದಕ್ಕೆ ಅಭ್ಯಾಸವನ್ನು ದೂರುವವರು ಈ ಕಾರಣವನ್ನು ಮರೆಯುತ್ತಾರೆ.

ಈಗ ಆ ಫೈಲುಗಳನ್ನು ಯುನಿಕೋಡ್‌ಗೆ ತರಬೇಕು. ಸಿದ್ಧ ಪರಿವರ್ತಕಗಳಿವೆ, ಆದರೆ ತಮ್ಮದೇ ಒಂದನ್ನು ಬರೆದುನೋಡಿದವರಿಗೆ ಕನ್ನಡ ಲಿಪಿಯ ಒಳಗುಟ್ಟು ತಿಳಿಯುತ್ತದೆ. ಮೊದಲ ಹೆಜ್ಜೆ ಕೋಷ್ಟಕ: ಪಿ ಮತ್ತು ಗೀರಿನ ಎ ಸೇರಿ ಬಂದರೆ ಕ, ಪೌಂಡ್ ಮತ್ತು ಗೀರಿನ ಎ ಸೇರಿದರೆ ನ. ಉದ್ದನೆಯ ಜೋಡಣೆಗಳನ್ನು ಮೊದಲು ಹುಡುಕಬೇಕು, ಗಿಡ್ಡವನ್ನು ಆಮೇಲೆ. ತಿರುವುಮುರುವಾದರೆ ಅಕ್ಷರಗಳು ಅರ್ಧಕ್ಕೆ ಮುರಿಯುತ್ತವೆ. ಎರಡನೆಯ ಹೆಜ್ಜೆ ಕಠಿಣ. ನುಡಿ ಉಳಿಸುವುದು ಕೈ ಬರೆಯುವ ಕ್ರಮದಲ್ಲಿ, ಯುನಿಕೋಡ್ ಉಳಿಸುವುದು ಬಾಯಿ ಉಚ್ಚರಿಸುವ ಕ್ರಮದಲ್ಲಿ. ‘ಕರ್ನಾಟಕ’ ಬರೆಯುವಾಗ ನಾವು ‘ನಾ’ ಬರೆದು ಆಮೇಲೆ ಅರ್ಕಾವೊತ್ತು ಹಾಕುತ್ತೇವೆ, ನುಡಿಯಲ್ಲೂ ಹಾಗೇ. ಯುನಿಕೋಡ್‌ನಲ್ಲಿ ಮಾತ್ರ ‘ರ್’ ಮೊದಲು, ‘ನಾ’ ಆಮೇಲೆ. ‘ನ್ನಿ’ ಬರೆಯುವಾಗ ‘ನಿ’ ಬರೆದು ಕೆಳಗೆ ಒತ್ತು ಕೊಡುತ್ತೇವೆ. ಯುನಿಕೋಡ್‌ಗೆ ಒತ್ತು ಮುಗಿದ ಮೇಲೆ ಗುಡಿಸು ಬೇಕು. ಪ್ರೋಗ್ರಾಮು ಒಂದು ಅಕ್ಷರ ಹಿಂದೆ ಹೋಗಿ, ಕಿತ್ತು, ಮುಂದೆ ತಂದು ಕೂರಿಸಬೇಕು. ಕೋಷ್ಟಕ ಬಿಟ್ಟರೆ ಇಡೀ ಪರಿವರ್ತಕ ನೂರು ಸಾಲಿನೊಳಗೆ ಮುಗಿಯುತ್ತದೆ.

ಫಾಕ್ಸ್‌ಪ್ರೊ ಕಡತಗಳ ವಿಷಯದಲ್ಲಿ ಒಂದು ಸಮಾಧಾನವಿದೆ. ಬರೆದ ಹುಡುಗ ಪುಣೆಗೋ ಬೆಂಗಳೂರಿಗೋ ಹೋಗಿ, ಮೂಲ ಪ್ರೋಗ್ರಾಮು ಕಳೆದುಹೋಗಿ, ಕಂಪ್ಯೂಟರ್ ಮೂಲೆಗೆ ಬಿದ್ದಿದ್ದರೂ ಅದರ ಡಿಬಿಎಫ್ ಫೈಲುಗಳು ಸಿಕ್ಕರೆ ಸಾಕು, ಲಿಬ್ರೆ ಆಫೀಸಿನ ಕ್ಯಾಲ್ಕ್ ಅವನ್ನು ನೇರವಾಗಿ ತೆರೆಯುತ್ತದೆ. ರ‍್ಯಾಟ್ಲಿಫ್ ವಂಶದ ಆ ಫೈಲಿನ ರಚನೆ ಅಷ್ಟು ಸರಳ. ಅದಕ್ಕೇ ನಾನು ಹೊಸದಾಗಿ ಬರೆಯುವವರಿಗೆ ಹೇಳುವುದು: ಪ್ರೋಗ್ರಾಮು ಯಾವ ಹಳೆಯ ಭಾಷೆಯಲ್ಲಾದರೂ ಇರಲಿ, ಮಾಹಿತಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದಾದ ಸಾದಾ ಪಠ್ಯದಲ್ಲಿ, ಕನ್ನಡವಿದ್ದರೆ ಯುನಿಕೋಡ್‌ನಲ್ಲಿ ಇಡಿ. ಜೊತೆಗೆ, ಹಳೆಯ ವಿಂಡೋಸ್ ಓಡುವ ಪೆಟ್ಟಿಗೆಗೆ ಇಂಟರ್ನೆಟ್ ತಂತಿ ಸಿಕ್ಕಿಸಬೇಡಿ. ಈಗಂತೂ ಎಐಗೆ ಹೇಳಿದರೆ ಕ್ಯೂಬೇಸಿಕ್ ಪ್ರೋಗ್ರಾಮನ್ನೂ ಬರೆದುಕೊಡುತ್ತದೆ. ಬರೆಸಿಕೊಳ್ಳಿ, ಅಡ್ಡಿಯಿಲ್ಲ. ಕೈಯಲ್ಲಿ ಮಾಡಿದ ನಾಲ್ಕು ಲೆಕ್ಕಗಳ ಉತ್ತರ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡುವ ಕೆಲಸ ಮಾತ್ರ ನಿಮ್ಮದೇ.

ಹಳೆಯದರಲ್ಲಿ ಕನ್ನಡಕ್ಕೆ ಒದಗಿಬಂದ ಒಂದು ಸಾಧನವನ್ನು ಹೇಳದಿದ್ದರೆ ತಪ್ಪಾದೀತು: 1977ರ ‘ಆಕ್’. ಪಠ್ಯದ ಸಾಲುಗಳನ್ನು ಹೆಕ್ಕಲು, ಎಣಿಸಲು, ಕೂಡಿಸಲು ಬೆಲ್ ಲ್ಯಾಬ್ಸ್‌ನ ಮೂವರು ಬರೆದದ್ದು. ಹೆಸರು ಅವರ ಅಡ್ಡಹೆಸರುಗಳ ಮೊದಲಕ್ಷರಗಳದು. ಅವರಲ್ಲೊಬ್ಬರಾದ ಬ್ರಿಯನ್ ಕರ್ನಿಗನ್ ಎಂಬತ್ತರ ವಯಸ್ಸಿನಲ್ಲಿ, 2022ರಲ್ಲಿ, ತಾವೇ ಕೂತು ಅದಕ್ಕೆ ಯುನಿಕೋಡ್ ತಿಳಿಯುವಂತೆ ಮಾಡಿದರು. ‘ಕನ್ನಡ’ ಶಬ್ದದ ಉದ್ದ ಎಷ್ಟೆಂದು ಅದರ ಹಿಂದಿನ ಆವೃತ್ತಿಗೆ ಕೇಳಿದರೆ 15 ಎನ್ನುತ್ತಿತ್ತು, ಬೈಟುಗಳನ್ನು ಎಣಿಸಿ. ಹೊಸದು 5 ಎನ್ನುತ್ತದೆ: ಕ, ನ, ವಿರಾಮ (ಹಲಂತ ಚಿಹ್ನೆ), ನ, ಡ. ಒಂದನೆಯ ತರಗತಿಯ ಮಗು 3 ಎನ್ನುತ್ತದೆ, ಮತ್ತು ಮಗುವಿನದೇ ಸರಿ. ಆ ಮೂರಕ್ಕೆ ಬರಲು ವಿರಾಮ ಕಂಡಲ್ಲಿ ಹಿಂದಿನದನ್ನೂ ಮುಂದಿನದನ್ನೂ ಹೊಸೆಯುವ, ಸ್ವರಚಿಹ್ನೆಗಳನ್ನು ಎಣಿಕೆಯಿಂದ ಬಿಡುವ ಒಂದೆರಡು ಸಾಲು ನಾವೇ ಸೇರಿಸಬೇಕು.

ಅಕಾರಾದಿಯಲ್ಲೂ ಇದೇ ಪಾಡು. ಯುನಿಕೋಡ್ ಕೋಷ್ಟಕದಲ್ಲಿ ‘ಳ’ ಇರುವುದು ‘ಲ’ದ ಬೆನ್ನಿಗೆ, ‘ವ’ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ‘ಹ’ ಆದ ಮೇಲೆ, ಕಟ್ಟಕಡೆಗೆ. ಸಂಕೇತಗಳ ಕ್ರಮದಲ್ಲೇ ಹೆಸರು ಜೋಡಿಸಿದ ಯಾದಿಯಲ್ಲಿ ಕಳಸದ ಮನೆತನದವರು ಕವಲೂರಿನವರಿಗಿಂತ ಮೊದಲು ಬಂದು ಕೂರುತ್ತಾರೆ. ಜೋಡಿಸುವ ಮುನ್ನ ಪ್ರತಿ ‘ಳ’ವನ್ನೂ ‘ಹ’ದಾಚೆಯ ಒಂದು ತಾತ್ಕಾಲಿಕ ಗುರುತಿಗೆ ಬದಲಿಸಿ, ಜೋಡಿಸಿದ ಮೇಲೆ ವಾಪಸು ‘ಳ’ ಮಾಡಿದರೆ ಇಬ್ಬರೂ ತಮ್ಮ ತಮ್ಮ ಜಾಗಕ್ಕೆ ಹೋಗುತ್ತಾರೆ. ಆಕ್‌ನಲ್ಲಿ ಅದಕ್ಕೆ ಎರಡು ಸಾಲು.